ಬೇಳೆಯಿಲ್ಲದ ಅವರೆ: ಬಬಲ್ ಕವರ್ ಒಡೆಯುವ ಖುಷಿಯ ಒಳಗುಟ್ಟು

ಹೋದ ಜನವರಿಯಲ್ಲಿ ತುಮಕೂರಿನ ನಮ್ಮ ಮನೆಗೆ ಗಾಜಿನ ಜಾಡಿಗಳ ಪಾರ್ಸೆಲ್ ಒಂದು ಬಂತು. ಜಾಡಿಗಳು ಅಡುಗೆಮನೆಗೆ ಹೋದವು, ಅವಕ್ಕೆ ಸುತ್ತಿದ್ದ ಗುಳ್ಳೆಗುಳ್ಳೆ ಪ್ಲಾಸ್ಟಿಕ್ ಹಾಳೆ ಮಗಳ ಪಾಲಾಯಿತು. ಶಿರಾ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮಮ್ಮ ನಡುಮನೆಯಲ್ಲಿ ಕಾಲು ಚಾಚಿಕೊಂಡು, ರಾತ್ರಿ ನೆನೆಹಾಕಿದ್ದ ಅವರೆಕಾಳಿನ ಬೇಸಿನ್ನು ಮುಂದಿಟ್ಟುಕೊಂಡು ಹಿತುಕುತ್ತಾ ಕೂತಿದ್ದಳು. ‘ಅಜ್ಜಿ, ನೀನೂ ಒಡಿ’ ಅಂತ ಮಗಳು ಹಾಳೆಯ ಒಂದು ತುಂಡು ಹರಿದು ಕೊಟ್ಟಳು. ಹೇಗೆ ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ. ಹೆಬ್ಬೆರಳು, ತೋರುಬೆರಳು ತಾವಾಗಿಯೇ ಒಂದು ಗುಳ್ಳೆ ಹಿಡಿದವು. ಟಪ್! ಅಮ್ಮ ಹಾಳೆಯನ್ನು ಹಿಂದುಮುಂದು ತಿರುಗಿಸಿ ನೋಡಿ, ‘ಅಯ್ಯೋ, ಇದ್ರೊಳಗೆ ಬೇಳೆನೇ ಇಲ್ವಲ್ಲೋ!’ ಅಂದಳು. ಹಾಗಂದವಳು ಹಾಳೆಯನ್ನು ಕೆಳಗಿಡಲಿಲ್ಲ. ಆ ತುಂಡು ಪೂರ್ತಿ ಚಪ್ಪಟೆಯಾಗುವ ತನಕ ಅವರೆಕಾಳು ನೀರಲ್ಲೇ ಕಾಯುತ್ತಿತ್ತು.

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುವವನು. ಈ ಹಾಳೆಯನ್ನು ನೂರಾರು ಸಲ ಒಡೆದಿದ್ದರೂ ಅದರ ಬಗ್ಗೆ ಯೋಚಿಸಿರಲಿಲ್ಲ. ಅಮ್ಮನ ಮಾತು ಕೇಳಿದ ಮೇಲೆ ಎರಡು ಪ್ರಶ್ನೆ ಹಿಂದೆ ಬಿದ್ದವು. ಒಳಗೆ ಏನೂ ಇಲ್ಲದ್ದು ಅಷ್ಟು ಸದ್ದು ಮಾಡುವುದು ಹೇಗೆ? ಒಳಗೆ ಏನೂ ಸಿಗುವುದಿಲ್ಲ ಅಂತ ಗೊತ್ತಾದ ಮೇಲೂ ಕೈ ಮುಂದಿನ ಗುಳ್ಳೆಗೆ ಹೋಗುವುದು ಯಾಕೆ? ಮೊದಲನೆಯದು ನನ್ನ ವಿಷಯ. ಎರಡನೆಯದು ನನ್ನದಲ್ಲ, ಆದರೆ ಹೆಚ್ಚು ಕಾಡಿದ್ದು ಅದೇ.

ಮೊದಲು ಹಾಳೆಯ ಕಥೆ. ಮಕ್ಕಳು ಇದನ್ನು ಪಟಪಟ ಕವರ್ ಅನ್ನುತ್ತಾರೆ, ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ ಬಬಲ್ ರೋಲ್ ಅಂದರೆ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಬಬಲ್ ರ್‍ಯಾಪ್ ಅನ್ನುವುದು ನಿಜಕ್ಕೂ ಒಂದು ಕಂಪನಿಯ ನೋಂದಾಯಿತ ಹೆಸರು. ಜೆರಾಕ್ಸ್ ಅಂದ ಹಾಗೆ ಊರವರ ಬಾಯಲ್ಲಿ ವಸ್ತುವಿನ ಹೆಸರೇ ಆಗಿಹೋಗಿದೆ. 1957ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಹಾಥಾರ್ನ್ ಊರಲ್ಲಿ ಆಲ್‌ಫ್ರೆಡ್ ಫೀಲ್ಡಿಂಗ್, ಮಾರ್ಕ್ ಶಾವಾನ್ ಎಂಬ ಇಬ್ಬರು ಬಚ್ಚಲುಮನೆಯ ಎರಡು ಪ್ಲಾಸ್ಟಿಕ್ ಪರದೆಗಳನ್ನು ಒಂದಕ್ಕೊಂದು ಅಂಟಿಸಿದರು. ಅವರಿಗೆ ಬೇಕಿದ್ದದ್ದು ಗೋಡೆಗೆ ಹಚ್ಚುವ ಉಬ್ಬುತಗ್ಗಿನ ವಾಲ್‌ಪೇಪರ್. ನಡುವೆ ಗಾಳಿ ಸಿಕ್ಕಿಕೊಂಡು ಗುಳ್ಳೆಗಳೆದ್ದವು. ವಾಲ್‌ಪೇಪರ್ ಆಗಿ ಯಾರಿಗೂ ಅದು ಬೇಕಾಗಲಿಲ್ಲ. ಆಮೇಲೆ ಹಸಿರುಮನೆಗೆ ಹೊದಿಸಿ, ಒಳಗಿನ ಬಿಸಿ ಹೊರಗೆ ಹೋಗದ ಹಾಗೆ ಮಾಡಬಹುದು ಅಂದರು. ಚಳಿ ದೇಶದಲ್ಲಿ ಅದು ತಲೆಯಿರುವ ಯೋಚನೆಯೇ. ಕೋಲಾರ, ಚಿಕ್ಕಬಳ್ಳಾಪುರದ ಪಾಲಿಹೌಸುಗಳಲ್ಲಿ ದೊಣ್ಣೆಮೆಣಸಿನಕಾಯಿ ಬೆಳೆಯುವವರನ್ನು ಕೇಳಿದರೆ ಒಳಗಿನ ಬಿಸಿ ಹೊರಗೆ ಹೋಗುವುದೇ ಅವರಿಗೆ ಬೇಕಾಗಿರುವುದು ಅಂದಾರು! ಆ ವ್ಯಾಪಾರವೂ ಕುದುರಲಿಲ್ಲ.

1960ರಲ್ಲಿ ಇಬ್ಬರೂ ಸೇರಿ ಸೀಲ್ಡ್ ಏರ್ ಅನ್ನುವ ಕಂಪನಿ ಕಟ್ಟಿದರು. ಅದೇ ಹೊತ್ತಿಗೆ ಐಬಿಎಂ ತನ್ನ 1401 ಕಂಪ್ಯೂಟರನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಸೂಕ್ಷ್ಮ ಭಾಗಗಳ ಆ ಯಂತ್ರವನ್ನು ದೂರದೂರಿಗೆ ಸಾಗಿಸಬೇಕಿತ್ತು. ಸೀಲ್ಡ್ ಏರ್‌ನ ಫ್ರೆಡರಿಕ್ ಬೋವರ್ಸ್ ಎಂಬ ಮಾರಾಟಗಾರ ಹೋಗಿ, ಇದನ್ನು ಸುತ್ತಿ ಕಳಿಸಿ ನೋಡಿ ಅಂದ. ಅಲ್ಲಿಂದ ಗುಳ್ಳೆ ಹಾಳೆಗೆ ಕೆಲಸ ಸಿಕ್ಕಿತು. ನನಗೆ ಇಷ್ಟವಾದ ಸಂಗತಿ ಬೇರೆ. ಫೀಲ್ಡಿಂಗ್ ಅವರ ಮಗ ಹೊವರ್ಡ್‌ಗೆ ಆಗ ಐದು ವರ್ಷ. ಹಾಳೆ ಕೈಗೆ ಬಂದ ಕೂಡಲೇ ತನಗೆ ಅನ್ನಿಸಿದ್ದು ಗುಳ್ಳೆ ಒತ್ತಬೇಕು ಅಂತಲೇ ಎಂದು ಆತ ಮುಂದೆ ದೊಡ್ಡವನಾದ ಮೇಲೆ ನೆನಪಿಸಿಕೊಂಡಿದ್ದಾನೆ. ಅಪ್ಪನಿಗೆ ಅದರ ಉಪಯೋಗ ತಿಳಿಯಲು ವರ್ಷಗಳು ಹಿಡಿದವು, ಮಗನಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ.

ಈಗ ಗುಳ್ಳೆಯ ಒಳಗೆ ಹೋಗೋಣ. ಕಾರ್ಖಾನೆಯಲ್ಲಿ ಪಾಲಿಥೀನ್ ಹರಳುಗಳನ್ನು ಕರಗಿಸಿ ತೆಳ್ಳನೆ ಹಾಳೆ ಮಾಡುತ್ತಾರೆ. ಹಾಳೆ ಬಿಸಿಯಾಗಿ ಮೆತ್ತಗಿರುವಾಗಲೇ ಒಂದು ಉರುಳೆಯ ಮೇಲೆ ಹಾಯಿಸುತ್ತಾರೆ. ಪಡ್ಡು ಹಂಚನ್ನು ಸುರುಳಿ ಸುತ್ತಿ ಕೊಳವೆ ಮಾಡಿದರೆ ಹೇಗಿರುತ್ತದೋ ಹಾಗಿರುತ್ತದೆ ಆ ಉರುಳೆ, ಮೈತುಂಬ ಗುಳಿ. ಪ್ರತಿ ಗುಳಿಯ ತಳದಿಂದಲೂ ಗಾಳಿ ಎಳೆಯುತ್ತಾರೆ. ಮೆತ್ತನೆ ಹಾಳೆ ಗುಳಿಯೊಳಕ್ಕೆ ಜಗ್ಗಿ ಬಟ್ಟಲಾಗುತ್ತದೆ. ಮೇಲಿಂದ ಇನ್ನೊಂದು ಚಪ್ಪಟೆ ಹಾಳೆ ಬಂದು ಬಟ್ಟಲುಗಳ ಬಾಯಿಗೆ ಅಂಟಿಕೊಳ್ಳುತ್ತದೆ. ಮುಗಿಯಿತು. ಒಳಗೆ ಸಿಕ್ಕಿದ್ದು ಕಾರ್ಖಾನೆಯ ಗಾಳಿ. ಜಗ್ಗಿ ಹಿಗ್ಗಿದ ಕಡೆ ಹಾಳೆ ತೆಳುವಾಗಿರುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಸಾಮಾನ್ಯವಾಗಿ ಸಿಗುವ ಗುಳ್ಳೆ 10 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ಎತ್ತರ. ಲೆಕ್ಕ ಹಾಕಿದರೆ ಒಳಗಿರುವ ಗಾಳಿ ಕಾಲು ಮಿಲಿಲೀಟರ್‌ನ ಆಸುಪಾಸು. ಮಕ್ಕಳಿಗೆ ಕೆಮ್ಮಿನ ಔಷಧಿ ಕುಡಿಸುವ 5 ಮಿಲಿಲೀಟರ್ ಚಮಚ ತುಂಬಿಸಲು ಇಂಥ ಇಪ್ಪತ್ತು ಗುಳ್ಳೆ ಬೇಕು. ಇಷ್ಟೇ ಇಷ್ಟು ಗಾಳಿಗೆ ಆ ಗಂಟಲು ಎಲ್ಲಿಂದ ಬಂತು?

ಒಂದು ಪ್ರಯೋಗ ಮಾಡಿ. ಮುಟ್ಟದ, ಒತ್ತದ ಗುಳ್ಳೆಯೊಂದಕ್ಕೆ ನಿಧಾನವಾಗಿ ಪಿನ್ನು ಚುಚ್ಚಿ. ಸದ್ದಿಲ್ಲ. ಅದೇ ಪಿನ್ನನ್ನು ಊದಿದ ಬಲೂನಿಗೆ ಚುಚ್ಚಿದರೆ ಮನೆಯವರೆಲ್ಲ ಓಡಿ ಬರುತ್ತಾರೆ. ಎರಡೂ ಗಾಳಿ ತುಂಬಿದ ಚೀಲಗಳೇ, ಆದರೆ ಬಲೂನಿನಲ್ಲಿ ನಾವು ಉಸಿರು ಕಟ್ಟಿ ಊದಿದ ಶಕ್ತಿ ಎಳೆದ ರಬ್ಬರಿನಲ್ಲಿ ಮೊದಲೇ ಕೂತಿರುತ್ತದೆ. ಗುಳ್ಳೆಯಲ್ಲಿ ಹಾಗಿಲ್ಲ. ಅದರ ಒಳಗಿನ ಗಾಳಿಯ ಒತ್ತಡಕ್ಕೂ ಹೊರಗಿನ ಗಾಳಿಯ ಒತ್ತಡಕ್ಕೂ ಹೆಚ್ಚು ಕಮ್ಮಿ ಏನಿಲ್ಲ. ತೂತು ಬಿದ್ದರೂ ಹೊರಗೆ ಓಡಿಬರುವ ಆತುರ ಒಳಗಿನ ಗಾಳಿಗಿಲ್ಲ. ಅಂದರೆ ಟಪ್ ಅನ್ನುವ ಸದ್ದು ಗುಳ್ಳೆಯೊಳಗೆ ಅಡಗಿ ಕೂತಿರುವುದಿಲ್ಲ, ಅದನ್ನು ಅಲ್ಲಿ ಇಡುವುದು ನಿಮ್ಮ ಹೆಬ್ಬೆರಳು. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗರೂ ಒಮ್ಮೆ ತಮ್ಮ ಹೆಬ್ಬೆರಳು ನೋಡಿಕೊಂಡರು.

ಬೆರಳು ಒತ್ತಿದಾಗ ನಡೆಯುವುದಿಷ್ಟು. ಗಾಳಿ ಇರುವ ಜಾಗ ಅರ್ಧಕ್ಕೆ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ. ಇದು ಹದಿನೇಳನೇ ಶತಮಾನದಲ್ಲಿ ರಾಬರ್ಟ್ ಬಾಯ್ಲ್ ಕಂಡ ನಿಯಮ, ನಮ್ಮ ಪಠ್ಯದಲ್ಲೂ ಇದೆ. ಒಂದು ಸೆಂಟಿಮೀಟರ್ ಅಗಲದ ಗುಳ್ಳೆಯನ್ನು ಅರ್ಧಕ್ಕೆ ಅಮುಕಲು ಸುಮಾರು 800 ಗ್ರಾಂ ಭಾರದಷ್ಟು ಒತ್ತು ಬೇಕು. ಒಂದು ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ತುಸು ಕಮ್ಮಿ. ಮೊದಮೊದಲು ಹಾಳೆ ತಾಳಿಕೊಳ್ಳುತ್ತದೆ, ಹಿಗ್ಗುತ್ತದೆ, ಬೆರಳನ್ನು ವಾಪಸ್ ತಳ್ಳುತ್ತದೆ. ಆ ತಳ್ಳಾಟವೇ ಬೆರಳ ತುದಿಗೆ ಹಿತ. ಆಮೇಲೆ ಯಾವುದೋ ತೆಳುವಾದ ಕಡೆ ಹಾಳೆ ಕೈಬಿಡುತ್ತದೆ. ಒಮ್ಮೆ ಬಿರುಕು ಬಿಟ್ಟರೆ ಅದು ಕಣ್ಣಿಗೆ ಕಾಣದ ವೇಗದಲ್ಲಿ ಓಡುತ್ತದೆ. ಒತ್ತಿಟ್ಟಿದ್ದ ಗಾಳಿಯೆಲ್ಲ ಆ ಬಾಯಿಂದ ಒಟ್ಟಿಗೆ ನುಗ್ಗಿ ಹೊರಗಿನ ಗಾಳಿಗೆ ಗುದ್ದು ಕೊಡುತ್ತದೆ. ಆ ಗುದ್ದು ಕಿವಿಗೆ ತಾಗಿದ್ದೇ ಟಪ್. ಕೆಲವೇ ಮಿಲಿಸೆಕೆಂಡುಗಳ ಆಟ. ದೊಡ್ಡ ಗುಳ್ಳೆಯಿಂದ ಗಾಳಿ ಖಾಲಿಯಾಗಲು ತುಸು ಹೆಚ್ಚು ಹೊತ್ತು ಬೇಕು, ಆದ್ದರಿಂದ ಅದರದು ‘ಡಬ್’, ಸಣ್ಣದರದು ‘ಟಿಕ್’.

ಹಳೇ ಹಾಳೆ ಯಾಕೆ ಸಪ್ಪೆ ಅನ್ನುವುದೂ ಇದರಲ್ಲೇ ಇದೆ. ಪಾಲಿಥೀನ್ ನೀರನ್ನು ಬಿಡುವುದಿಲ್ಲ, ಗಾಳಿಯನ್ನು ಮಾತ್ರ ಬಹಳ ನಿಧಾನವಾಗಿ ಬಿಟ್ಟುಕೊಡುತ್ತದೆ. ಒಳ್ಳೆಯ ದರ್ಜೆಯ ಹಾಳೆಯಲ್ಲಿ ಗಾಳಿ ತಡೆಯಲು ನೈಲಾನಿನ ಪದರವೊಂದನ್ನು ಸೇರಿಸಿರುತ್ತಾರೆ. ಅಗ್ಗದ್ದು ಅಟ್ಟದ ಮೇಲೆ ಬಿದ್ದಲ್ಲೇ ಸೊರಗುತ್ತದೆ. ಸೊರಗಿದ ಗುಳ್ಳೆಯನ್ನು ಒತ್ತಿದರೆ ಒತ್ತಡ ಏರುವ ಮೊದಲೇ ಬೆರಳು ತಳ ಮುಟ್ಟಿಬಿಡುತ್ತದೆ.

ಇಷ್ಟು ಸುಲಭವಾಗಿ ಒಡೆಯುವುದು ಗಾಜನ್ನು ಹೇಗೆ ಕಾಪಾಡುತ್ತದೆ ಅಂತ ಮಗಳು ಕೇಳಿದಳು. ಉತ್ತರಕ್ಕೆ ಊಟದ ಮಣೆ ತಂದೆ. ಒಂದು ಚದರಡಿ ಹಾಳೆಯಲ್ಲಿ ಈ ಅಳತೆಯ ಗುಳ್ಳೆ ಏಳುನೂರರ ಹತ್ತಿರ ಇರುತ್ತವೆ. ಅದರ ಮೇಲೆ ಮಣೆ ಇಟ್ಟು 60 ಕಿಲೋ ತೂಕದವರು ನಿಂತರೆ ಒಂದೊಂದು ಗುಳ್ಳೆಯ ಪಾಲಿಗೆ ಬರುವುದು ನೂರು ಗ್ರಾಮಿಗೂ ಕಮ್ಮಿ. ಒಂದೂ ಒಡೆಯುವುದಿಲ್ಲ. ಮಣೆ ತೆಗೆದು ಹಿಮ್ಮಡಿ ಊರಿ, ಅದೇ ಭಾರ ಇಪ್ಪತ್ತು ಗುಳ್ಳೆಗಳ ತಲೆ ಮೇಲೆ ಬಿತ್ತು, ಪಟಪಟಪಟ! ಜಾಡಿ ಬಿದ್ದಾಗಲೂ ಗುಳ್ಳೆಗಳು ಪೆಟ್ಟನ್ನು ಹಂಚಿಕೊಳ್ಳುತ್ತವೆ, ಜೊತೆಗೆ ಅದನ್ನು ತುಸು ನಿಧಾನ ಮಾಡುತ್ತವೆ. ಇದರಲ್ಲಿ ಹೊಸತೇನೂ ಇಲ್ಲ. ನಮ್ಮ ಕಲ್ಪತರು ನಾಡಿನ ತೆಂಗಿನಕಾಯಿ ಅಷ್ಟೆತ್ತರದ ಮರದಿಂದ ಬಿದ್ದೂ ಒಡೆಯದಿರುವುದು ಕರಟದ ಸುತ್ತ ನಾರು, ನಾರಿನ ನಡುವೆ ಗಾಳಿ ಇರುವುದರಿಂದ. ಮಾವಿನಹಣ್ಣಿಗೆ ಭತ್ತದ ಹುಲ್ಲು ಹಾಸುವವರಿಗೂ ಇದು ಗೊತ್ತಿತ್ತು. ಹುಲ್ಲಾಗಲಿ ನಾರಾಗಲಿ ಟಪ್ ಅನ್ನುತ್ತಿರಲಿಲ್ಲ ಅಷ್ಟೆ.

ಭೌತಶಾಸ್ತ್ರ ಇಲ್ಲಿಗೆ ಸಾಕು. ಈಗ ಬೆರಳಿನಿಂದ ತಲೆಗೆ ಹೋಗಬೇಕು.

ನನ್ನ ಊಹೆ ಏನೆಂದರೆ, ಈ ಖುಷಿ 1957ಕ್ಕಿಂತ ಬಹಳ ಹಳೆಯದು, ಪ್ಲಾಸ್ಟಿಕ್ ಅದಕ್ಕೆ ಹೊಸ ಜಾಗ ಕೊಟ್ಟಿದೆ. ಹಿತಕವರೆ ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಸೊಗಡು ಅವರೆಯ ವಾಸನೆ ಬಸ್ ಸ್ಟ್ಯಾಂಡಿನವರೆಗೂ ಬರುತ್ತದೆ. ನೆನೆದ ಕಾಳಿನ ಸಿಪ್ಪೆ ಉಬ್ಬಿ ಬಿಗಿಯಾಗಿರುತ್ತದೆ. ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಮೊದಲು ಕಾಳು ಬಗ್ಗುವುದಿಲ್ಲ. ಇನ್ನೊಂದು ಚೂರು ಒತ್ತಬೇಕು. ಸಿಪ್ಪೆ ತುದಿಯಲ್ಲಿ ಬಾಯಿ ಬಿಡುತ್ತದೆ, ಬೇಳೆ ಪುಳಕ್ಕನೆ ಹಾರಿ ಬೇಸಿನ್ನಿಗೆ ಬೀಳುತ್ತದೆ, ಬೆರಳಲ್ಲಿ ಬರೀ ಸಿಪ್ಪೆ. ಒಂದು ಕಿಲೋ ಕಾಳು ಹಿತುಕುವುದು ಬೇಸರದ ಕೆಲಸ ಆಗಬೇಕಿತ್ತು. ಆದರೆ ಮನೆಯ ಹೆಂಗಸರು, ಮಕ್ಕಳು, ಪಕ್ಕದ ಮನೆಯವರು, ದಾರಿ ತಪ್ಪಿ ಬಂದ ಗಂಡಸರು ಕೂಡ ಬೇಸಿನ್ನಿನ ಸುತ್ತ ಕೂತುಬಿಡುತ್ತಾರೆ. ತಡೆಯುವುದು, ಬಿಗಿಯುವುದು, ಥಟ್ಟನೆ ಬಿಟ್ಟುಕೊಡುವುದು ಅನ್ನುವ ಮೂರು ಹೆಜ್ಜೆ ಗುಳ್ಳೆಯಲ್ಲೂ ಹಾಗೇ ಇವೆ. ಕೊನೆಯಲ್ಲಿ ಸಾರಿಗೆ ಬೇಳೆ ಸಿಗುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಬೇಳೆ ಸಿಗದ ಆಟಗಳೂ ನಮ್ಮಲ್ಲಿ ಬೇಕಾದಷ್ಟಿದ್ದವು. ಹೊಲದ ಬದುವಿನ ಬುಡ್ಡೆಹಣ್ಣಿನ ಉಬ್ಬಿದ ಹೊದಿಕೆಯನ್ನು ಹಣೆಗೆ ಹೊಡೆದುಕೊಂಡು ಒಡೆಯುತ್ತಿದ್ದೆವು. ನೀರುಕಾಯಿ ಮರದ ಮೊಗ್ಗು ಹಿಂಡಿ ಮುಂದಿನ ಬೆಂಚಿನವನ ಕುತ್ತಿಗೆಗೆ ನೀರು ಹಾರಿಸುತ್ತಿದ್ದೆವು. ಪಟಾಕಿ ಗಿಡದ ಒಣಗಿದ ಕಾಯಿಗೆ ಎಂಜಲು ಹಚ್ಚಿ, ಅಂಗೈಯಲ್ಲಿ ಇಟ್ಟುಕೊಂಡು, ಅದು ಸಿಡಿಯುವ ತನಕ ಉಸಿರು ಬಿಗಿ ಹಿಡಿದು ಕಾಯುತ್ತಿದ್ದೆವು. ಕುಡಿದು ಮುಗಿಸಿದ ಫ್ರೂಟಿ ಡಬ್ಬಕ್ಕೆ ಗಾಳಿ ಊದಿ, ನೆಲಕ್ಕಿಟ್ಟು, ಎಗರಿ ತುಳಿಯದವರು ನನ್ನ ವಯಸ್ಸಿನವರಲ್ಲಿ ಯಾರಾದರೂ ಇದ್ದಾರಾ? ಇನ್ನು ಜಗಲಿಯ ಬಿಸಿಲಲ್ಲಿ ಮೊಮ್ಮಗಳ ತಲೆ ಮಡಿಲಿಗೆ ಹಾಕಿಕೊಂಡು ಎರಡು ಹೆಬ್ಬೆರಳ ಉಗುರಿನ ನಡುವೆ ಹೇನು ಕುಕ್ಕುವ ಅಜ್ಜಿಯಂದಿರ ಮುಖ ನೆನಪಿಸಿಕೊಳ್ಳಿ. ಟಕ್ ಅಂದ ಕೂಡಲೇ ‘ಸ್ಸ್’ ಅನ್ನುವವಳು ಅಜ್ಜಿಯೇ, ಹೇನಲ್ಲ. ಹೋಲಿಕೆ ಕೊಳಕಾಯಿತು ಅಂದರೆ ಕ್ಷಮಿಸಿ, ಆ ತೃಪ್ತಿಗೂ ಗುಳ್ಳೆಯ ತೃಪ್ತಿಗೂ ನನಗೆ ಬಹಳ ಅಂತರ ಕಾಣುವುದಿಲ್ಲ.

ಇದನ್ನು ಪ್ರಯೋಗಕ್ಕೆ ಒಡ್ಡಿದವರೂ ಇದ್ದಾರೆ. 1992ರಲ್ಲಿ ಕ್ಯಾಥ್ಲೀನ್ ಡಿಲನ್ ಎಂಬ ಅಮೆರಿಕದ ಮನೋವಿಜ್ಞಾನಿ ಕಾಲೇಜು ವಿದ್ಯಾರ್ಥಿಗಳ ಕೈಗೆ ಗುಳ್ಳೆ ಹಾಳೆ ಕೊಟ್ಟು, ಒಡೆಯುವ ಮೊದಲು ಮತ್ತು ಒಡೆದ ಮೇಲೆ ಅವರ ಮನಸ್ಸು ಹೇಗಿದೆ ಅಂತ ಕೇಳಿದರು. ಒಡೆದವರು ಹೆಚ್ಚು ಸಮಾಧಾನವಾಗಿದ್ದೇವೆ ಅಂದರು, ಹೆಚ್ಚು ಚುರುಕಾಗಿದ್ದೇವೆ ಅಂತಲೂ ಅಂದರು. ಸಾಮಾನ್ಯವಾಗಿ ಇವೆರಡು ಒಟ್ಟಿಗೆ ಬರುವುದಿಲ್ಲ. ಕಾಫಿ ಕುಡಿದರೆ ಚುರುಕು ಬರುತ್ತದೆ, ಸಮಾಧಾನ ಹೋಗುತ್ತದೆ. ಮಧ್ಯಾಹ್ನ ಮುದ್ದೆ ಉಂಡು ಒರಗಿದರೆ ಸಮಾಧಾನ ಬರುತ್ತದೆ, ಚುರುಕು ಹೋಗುತ್ತದೆ. ಬೆರಳಿಗೆ ಚಿಕ್ಕ ಕೆಲಸ ಕೊಟ್ಟರೆ ಎರಡೂ ಬರುತ್ತವೆ ಅನ್ನುವುದನ್ನು ಗ್ರೀಕರು ಕೈಯಲ್ಲಿ ಮಣಿಸರ ಆಡಿಸುತ್ತಾ ಕಂಡುಕೊಂಡರು, ನಮ್ಮ ಹೆಂಗಸರು ಹೂಬತ್ತಿ ಹೊಸೆಯುತ್ತಾ, ಮಲ್ಲಿಗೆ ಕಟ್ಟುತ್ತಾ ಕಂಡುಕೊಂಡರು. ಮಾರು ಕಟ್ಟಿ ಮುಗಿಯುವಷ್ಟರಲ್ಲಿ ಬೆಳಗಿನ ಜಗಳ ಅರ್ಧ ಕರಗಿರುತ್ತದೆ. ಡಿಲನ್ ಅವರದು ಸಣ್ಣ ಅಧ್ಯಯನ. ಅದನ್ನು ಹಿಡಿದುಕೊಂಡು ಬಬಲ್ ಕವರೇ ಮನಸ್ಸಿನ ಬೇನೆಗೆ ಮದ್ದು ಅಂತ ಮೊಬೈಲಿನಲ್ಲಿ ಹಂಚುವವರ ಮಾತನ್ನು ನಾನಂತೂ ನಂಬುವುದಿಲ್ಲ.

ಆದರೂ ಒಂದು ಅಂಶ ಗಟ್ಟಿಯಾಗಿದೆ. ನಾವು ಮಾಡಿದ್ದಕ್ಕೆ ಲೋಕ ತಕ್ಷಣ ಉತ್ತರ ಕೊಟ್ಟರೆ ನಮಗೆ ಖುಷಿ. ಗಿಲಕಿ ಹಿಡಿದ ಕೂಸು ಕೈ ಆಡಿಸಿದರೆ ಸದ್ದು ಬರುತ್ತದೆ ಅಂತ ತಿಳಿದ ದಿನ ಅದರ ಮುಖ ಹೇಗೆ ಅರಳುತ್ತದೆ ನೋಡಿ. ದೊಡ್ಡವರಾದ ಮೇಲೆ ಇಂಥ ಉತ್ತರ ಅಪರೂಪ. ಅರ್ಜಿ ಕೊಟ್ಟರೆ ನಾಳೆ ಬಾ, ಬೆಳೆ ಇಟ್ಟರೆ ಬೆಲೆ ಬಂದಾಗ ನೋಡೋಣ, ಪಾಠ ಮಾಡಿದರೆ ಅರ್ಥ ಆಯಿತೋ ಇಲ್ಲವೋ ಗೊತ್ತಾಗುವುದು ಪರೀಕ್ಷೆಯಲ್ಲಿ. ಗುಳ್ಳೆ ಹಾಗಲ್ಲ. ಒತ್ತಿದೆ, ಆಯಿತು ಅಂದಿತು. ಅದರ ಪಕ್ಕದಲ್ಲೇ ಮುಂದಿನದು ಕಾದಿದೆ.

ಮೆದುಳು ಈ ಉತ್ತರವನ್ನು ಮುಂಚೆಯೇ ಊಹಿಸಿಟ್ಟುಕೊಂಡಿರುತ್ತದೆ. ತನ್ನ ಕೈಯಿಂದ ಆಗುವುದರ ಲೆಕ್ಕವನ್ನು ಅದು ಮೊದಲೇ ಹಾಕಿ, ಆ ಅನುಭವವನ್ನು ಸ್ವಲ್ಪ ತಗ್ಗಿಸಿಬಿಡುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರದಿರುವುದು ಇದಕ್ಕೇ. ಲಂಡನ್ನಿನ ಸಾರಾ ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು 1998ರಲ್ಲಿ ಮೆದುಳಿನ ಚಿತ್ರ ತೆಗೆದು ಇದನ್ನು ತೋರಿಸಿದರು. ಬೇರೆಯವರು ಮುಟ್ಟಿದಾಗ ಎದ್ದು ಕೂರುವ ಭಾಗಗಳು, ತಾನೇ ಮುಟ್ಟಿಕೊಂಡಾಗ ತಣ್ಣಗಿದ್ದವು. ಸದ್ದಿನ ವಿಷಯದಲ್ಲೂ ಮೆದುಳು ಹೀಗೇ ಮಾಡುತ್ತದೆ. ಆದ್ದರಿಂದಲೇ ನಮ್ಮ ಕೈಯ ಟಪ್ ನಮಗೆ ಹಿತ, ಬಸ್ಸಿನಲ್ಲಿ ಪಕ್ಕದ ಸೀಟಿನವನ ಟಪ್ ತಲೆನೋವು. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಒಬ್ಬ ಪುಣ್ಯಾತ್ಮ ದಾಬಸ್‌ಪೇಟೆ ದಾಟುವ ತನಕ ಒಂದು ಇಡೀ ಹಾಳೆಯನ್ನು ಒಡೆದ. ಅವನ ಮುಖದಲ್ಲಿ ಧ್ಯಾನದ ಕಳೆ, ನಮ್ಮ ಮುಖ ನೋಡುವ ಹಾಗಿರಲಿಲ್ಲ.

ಊಹೆ ಪೂರ್ತಿ ಸರಿಯಾಗಿದ್ದರೂ ಆಟ ಕಳೆಗುಂದುತ್ತದೆ. ಗುಳ್ಳೆಯಲ್ಲಿ ಒಂದು ಸಣ್ಣ ಜೂಜಿದೆ. ಯಾವ ಗಳಿಗೆಯಲ್ಲಿ ಒಡೆಯುತ್ತದೆ ಗೊತ್ತಿಲ್ಲ, ನಡುನಡುವೆ ಒಂದೊಂದು ಠುಸ್ ಆಗುತ್ತದೆ. ಜಪಾನಿನ ಬಾಂದಾಯ್ ಆಟಿಕೆ ಕಂಪನಿ 2007ರಲ್ಲಿ ಎಷ್ಟು ಒತ್ತಿದರೂ ಮುಗಿಯದ ಗುಳ್ಳೆಗಳ ಒಂದು ಕೀಚೈನ್ ಆಟಿಕೆ ತಂದಾಗ ಈ ಜೂಜನ್ನು ಅದರೊಳಗೆ ಸೇರಿಸಿತ್ತು. ಅದರಲ್ಲಿ ನೂರು ಸಲ ಒತ್ತಿದರೆ ಒಮ್ಮೆ ಬೇರೆಯೇ ಏನೋ ಸದ್ದು ಬರುತ್ತಿತ್ತು. 2021ರಲ್ಲಿ ಊರಿನ ಫ್ಯಾನ್ಸಿ ಸ್ಟೋರುಗಳಲ್ಲೆಲ್ಲ ಕಾಮನಬಿಲ್ಲಿನ ಬಣ್ಣದಲ್ಲಿ ನೇತಾಡುತ್ತಿದ್ದ ಪಾಪ್ ಇಟ್ ಕೂಡ ಇದೇ ಬಳಗದ್ದು. ಅದರಲ್ಲಿ ಒಡೆಯುವುದೇನೂ ಇಲ್ಲ. ಸಿಲಿಕೋನಿನ ಬಟ್ಟಲು ಒಂದು ಮಿತಿ ದಾಟಿದರೆ ಇನ್ನೊಂದು ಪಕ್ಕಕ್ಕೆ ಟಕ್ಕನೆ ಮಗುಚಿಕೊಳ್ಳುತ್ತದೆ. ಜಾತ್ರೆಯಲ್ಲಿ ಸಿಗುತ್ತಿದ್ದ ತಗಡಿನ ಕಪ್ಪೆಯ ಹೊಟ್ಟೆಯಲ್ಲೂ ಇದೇ ಮಗುಚಾಟ. ನನ್ನ ಮಗಳ ಪಾಪ್ ಇಟ್ ಈಗ ಎಲ್ಲಿದೆಯೋ ಗೊತ್ತಿಲ್ಲ. ಮತ್ತೆ ಮತ್ತೆ ಒತ್ತಬಹುದು ಅನ್ನುವುದೇ ಅದರ ಕೊರತೆ ಅಂತ ನನಗನ್ನಿಸುತ್ತದೆ. ಬಬಲ್ ಕವರಿನಲ್ಲಿ ಪ್ರತಿ ಗುಳ್ಳೆಯೂ ಒಂದೇ ಸಲ.

ಇನ್ನೊಂದು ಪ್ರಯೋಗ ಓದಿದಾಗ ನನಗೆ ನಮ್ಮ ಮನೆಯ ಅಜ್ಜಿಯರೆಲ್ಲ ಕಣ್ಣ ಮುಂದೆ ಬಂದರು. ಯೇಲ್ ವಿಶ್ವವಿದ್ಯಾಲಯದ ರೆಬೆಕಾ ಡೈಯರ್, ಒರಿಯಾನಾ ಅರಗಾನ್ ಅವರು 2013ರಲ್ಲಿ ವಿವರಿಸಿದ ಪ್ರಯೋಗ ಅದು. ಜನರ ಕೈಗೆ ಗುಳ್ಳೆ ಹಾಳೆ ಕೊಟ್ಟು ಪ್ರಾಣಿಗಳ ಚಿತ್ರ ತೋರಿಸಿದರು. ಕೆಲವರಿಗೆ ಮುದ್ದಾದ ಮರಿಗಳು, ಕೆಲವರಿಗೆ ನಗು ಬರಿಸುವ ಪ್ರಾಣಿಗಳು, ಕೆಲವರಿಗೆ ಸಾಧಾರಣ ಚಿತ್ರಗಳು. ಎಷ್ಟು ಬೇಕೋ ಅಷ್ಟು ಒಡೆಯಿರಿ ಅಂದರು. ಸಾಧಾರಣ ಚಿತ್ರ ನೋಡಿದವರು ಸರಾಸರಿ ನೂರರಷ್ಟು ಗುಳ್ಳೆ ಒಡೆದರು, ನಗೆಚಿತ್ರ ನೋಡಿದವರು 80, ಮುದ್ದು ಮರಿಗಳನ್ನು ನೋಡಿದವರು 120. ಮುದ್ದು ಹೆಚ್ಚಾದರೆ ಅದನ್ನು ಹಿಂಡಬೇಕು, ಕಚ್ಚಬೇಕು ಅನ್ನಿಸುತ್ತದೆ. ಮಗುವಿನ ಕೆನ್ನೆ ನೋಡಿ ‘ಕಚ್ಚಿ ತಿಂದುಬಿಡ್ತೀನಿ ನಿನ್ನ’ ಅನ್ನುವ ನಮಗೆ ಇದೇನು ಹೊಸತಲ್ಲ. ಮನಸ್ಸು ತುಂಬಿ ಹೆಚ್ಚಾದದ್ದನ್ನು ಕೈ ಹೊರಗೆ ಹಾಕುತ್ತದೆ ಅನ್ನುವುದು ಅವರ ವಿವರಣೆ.

ನಮ್ಮಲ್ಲಿ ಇದಕ್ಕೊಂದು ಶಾಸ್ತ್ರವೇ ಇದೆಯಲ್ಲ! ಮಗು ಹೊಸ ಬಟ್ಟೆ ಹಾಕಿಕೊಂಡು ಎದುರಿಗೆ ಬಂದರೆ ಅಜ್ಜಿ ಎರಡೂ ಕೈಯಲ್ಲಿ ಅದರ ಮುಖ ಸವರಿ, ಬೆರಳುಗಳನ್ನು ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿಯುತ್ತಾಳೆ. ಲಟಲಟ ಅಂತ ಹೆಚ್ಚು ನೆಟಿಗೆ ಬಂದರೆ ‘ಎಷ್ಟು ದೃಷ್ಟಿಯಾಗಿತ್ತು ನೋಡು’ ಅನ್ನುತ್ತಾಳೆ. ಯೇಲ್‌ನವರು ಹಾಳೆ ಕೊಟ್ಟು ಎಣಿಸಿದ್ದನ್ನು ಅಜ್ಜಿ ತನ್ನ ಬೆರಳಲ್ಲೇ ಎಣಿಸುತ್ತಿದ್ದಳು. ಇನ್ನೂ ಸೋಜಿಗವೆಂದರೆ ನೆಟಿಗೆಯೂ ಗುಳ್ಳೆಯ ವ್ಯವಹಾರವೇ. ಬೆರಳ ಗೆಣ್ಣಿನ ಕೀಲಿನಲ್ಲಿ ಜಾರುವ ದ್ರವವಿದೆ, ಅದರಲ್ಲಿ ಅನಿಲ ಕರಗಿದೆ. ಬೆರಳು ಎಳೆದಾಗ ಅಥವಾ ಮಡಿಸಿದಾಗ ಕೀಲು ಅಗಲವಾಗಿ, ಒಳಗಿನ ಒತ್ತಡ ಇಳಿದು ಗುಳ್ಳೆ ಮೂಡುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಗ್ರೆಗ್ ಕಾವ್ಚುಕ್ ತಂಡ ಎಂಆರ್‌ಐ ಯಂತ್ರದೊಳಗೇ ಬೆರಳು ಎಳೆಸಿ, ಗುಳ್ಳೆ ಮೂಡುವ ಗಳಿಗೆಯೇ ನೆಟಿಗೆಯ ಸದ್ದಿನ ಗಳಿಗೆ ಅಂದಿತು. 2018ರಲ್ಲಿ ಚಂದ್ರನ್ ಸುಜಾ ಮತ್ತು ಅಬ್ದುಲ್ ಬರಾಕತ್ ಗಣಿತದ ಲೆಕ್ಕ ಹಾಕಿ, ಇಲ್ಲ, ಮೂಡಿದ ಗುಳ್ಳೆ ಕುಸಿಯುವಾಗಲೇ ಸದ್ದು ಅಂದರು. ಗುಳ್ಳೆ ಹುಟ್ಟುವಾಗ ಕೂಗಿತೋ ಸಾಯುವಾಗ ಕೂಗಿತೋ ಅನ್ನುವ ವ್ಯಾಜ್ಯ ಅದು. ಒಮ್ಮೆ ಮುರಿದ ಬೆರಳು ಮತ್ತೆ ನೆಟಿಗೆ ಕೊಡಲು ಇಪ್ಪತ್ತು ನಿಮಿಷದಷ್ಟು ಕಾಯಬೇಕಾಗುವುದೂ ಅನಿಲ ಮತ್ತೆ ದ್ರವದಲ್ಲಿ ಕರಗಬೇಕಾದ್ದರಿಂದ.

ನೆಟಿಗೆ ಮುರಿದರೆ ಕೀಲು ಸವೆಯುತ್ತದೆ ಅಂತ ಬೈಯುವವರಿಗಾಗಿ ಒಂದು ಸುದ್ದಿ. ಡೊನಾಲ್ಡ್ ಉಂಗರ್ ಎಂಬ ಅಮೆರಿಕದ ವೈದ್ಯರಿಗೂ ಚಿಕ್ಕಂದಿನಲ್ಲಿ ಅಮ್ಮ, ಚಿಕ್ಕಮ್ಮಂದಿರು ಹೀಗೇ ಹೆದರಿಸಿದ್ದರು. ಆತ ಅರವತ್ತು ವರ್ಷಕ್ಕೂ ಮೇಲೆ ಎಡಗೈಯ ನೆಟಿಗೆ ಮಾತ್ರ ಮುರಿದು, ಬಲಗೈಯನ್ನು ಮುಟ್ಟದೆ ಬಿಟ್ಟರು. ಎರಡೂ ಕೈಗಳಲ್ಲಿ ಸಂಧಿವಾತದ ಸುಳಿವಿರಲಿಲ್ಲ. 2009ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ. ಒಬ್ಬನೇ ಮನುಷ್ಯನ ಎರಡು ಕೈಯಿಂದ ಏನೂ ಸಾಬೀತಾಗುವುದಿಲ್ಲ ನಿಜ. ಆದರೆ ಅಮ್ಮನ ಮಾತನ್ನು ಪರೀಕ್ಷಿಸಲು ಅರವತ್ತು ವರ್ಷ ಹಠ ಹಿಡಿಯುವ ಮಗ ಎಲ್ಲರಿಗೂ ಹುಟ್ಟುವುದಿಲ್ಲ.

ಬಬಲ್ ಕವರಿನ ಗುಳ್ಳೆಯನ್ನು ಒಡೆಯದೆ ಬಳಸಿದವರೂ ಇದ್ದಾರೆ, ಅವರ ಮಾತನ್ನೂ ಹೇಳಿಬಿಡುತ್ತೇನೆ. 2014ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ ಗುಳ್ಳೆಯನ್ನೇ ಪುಟ್ಟ ಪ್ರನಾಳವಾಗಿ ಬಳಸಬಹುದು ಅಂತ ತೋರಿಸಿತು. ಸಿರಿಂಜಿನಿಂದ ದ್ರವ ತುಂಬಿ, ತೂತಿಗೆ ಉಗುರಿಗೆ ಹಚ್ಚುವ ದ್ರವ ಹಚ್ಚಿ ಮುಚ್ಚಿದರೆ ಸಾಕು. ಗುಳ್ಳೆಯ ಒಳಗೆ ಸೂಕ್ಷ್ಮಜೀವಿಗಳ ಕಾಟವಿಲ್ಲ, ಹೊರಗಿಂದ ಬಣ್ಣ ಕಾಣುತ್ತದೆ. ಗ್ಲೂಕೋಸು, ಹಿಮೋಗ್ಲೋಬಿನ್ ಪರೀಕ್ಷೆ ಅದರಲ್ಲೇ ಮಾಡಿದರು. ಗಾಜಿನ ಸಾಮಾನಿಗೆ ದುಡ್ಡಿಲ್ಲದ ಕಡೆಗೆ ಅಂತ ಮಾಡಿದ ಉಪಾಯ. ನಮ್ಮ ಲ್ಯಾಬಿನಲ್ಲಿ ವರ್ಷಕ್ಕೆ ಎಷ್ಟು ಪ್ರನಾಳ ಒಡೆಯುತ್ತವೆ ಅನ್ನುವುದು ಗೊತ್ತಿರುವ ನನಗೆ ಇದು ಬಹಳ ಹಿಡಿಸಿತು. ಆದರೆ ಪಿಯುಸಿ ಹುಡುಗರ ಕೈಗೆ ಗುಳ್ಳೆ ಹಾಳೆ ಕೊಟ್ಟು, ಒಡೆಯಬೇಡಿ, ಒಳಗೆ ಆಸಿಡ್ ಇದೆ ಅನ್ನುವ ಧೈರ್ಯ ನನಗಿಲ್ಲ.

ಸೀಲ್ಡ್ ಏರ್ 2015ರಲ್ಲಿ ಒಂದು ಹೊಸ ಹಾಳೆ ಪ್ರಕಟಿಸಿದಾಗ ಲೋಕದ ಪತ್ರಿಕೆಗಳು ಸಾವಿನ ಸುದ್ದಿಯ ಧಾಟಿಯಲ್ಲಿ ಬರೆದವು. ಹಳೆಯದರ ತೊಂದರೆ ಏನೆಂದರೆ ಅದನ್ನು ಸಾಗಿಸುವುದು ಅಂದರೆ ಲಾರಿ ತುಂಬ ಗಾಳಿ ಸಾಗಿಸುವುದು. ಹೊಸದು ಚಪ್ಪಟೆಯಾಗಿ ಬರುತ್ತದೆ, ಬೇಕಾದ ಕಡೆ ಯಂತ್ರದಿಂದ ಊದಿಕೊಳ್ಳಬಹುದು. ಊದಲು ಅನುಕೂಲವಾಗಲಿ ಅಂತ ಒಂದು ಸಾಲಿನ ಗುಳ್ಳೆಗಳನ್ನೆಲ್ಲ ಒಂದಕ್ಕೊಂದು ಸೇರಿಸಿದ್ದಾರೆ. ಹಾಗಾಗಿ ಒಂದನ್ನು ಒತ್ತಿದರೆ ಅದರ ಗಾಳಿ ಪಕ್ಕದ ಮನೆಗೆ ಹೋಗಿ ಕೂರುತ್ತದೆ. ಒತ್ತಡ ಏರುವುದಿಲ್ಲ, ಹಾಳೆ ಬಿಗಿಯುವುದಿಲ್ಲ, ಟಪ್ ಇಲ್ಲ. ಬಾಯ್ಲ್ ಸಾಹೇಬರ ನಿಯಮ ಕೆಲಸ ಮಾಡಲು ಗಾಳಿಗೆ ಓಡಿಹೋಗುವ ದಾರಿ ಇರಬಾರದು.

ಅಂಥದ್ದೊಂದು ಹಾಳೆ ಮೊನ್ನೆ ನಮ್ಮ ಮನೆಗೂ ಬಂತು. ಈ ಸಲ ಬಂದದ್ದು ಅಮ್ಮನ ರಕ್ತದೊತ್ತಡ ನೋಡುವ ಯಂತ್ರ. ಅಮ್ಮ ಯಂತ್ರವನ್ನು ಪಕ್ಕಕ್ಕಿಟ್ಟು ಹಾಳೆ ಕೈಗೆತ್ತಿಕೊಂಡಳು. ಒಂದು ಗುಳ್ಳೆ ಒತ್ತಿದಳು, ಅದು ಮೆತ್ತಗೆ ಕುಗ್ಗಿ ಪಕ್ಕದ್ದು ಉಬ್ಬಿತು. ಅದನ್ನು ಒತ್ತಿದಳು, ಮೊದಲನೆಯದು ಎದ್ದು ಕೂತಿತು. ಎರಡು ಹೆಬ್ಬೆರಳೂ ಹಾಕಿ ಹಿಸುಕಿದಳು. ಊಹೂಂ. ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಒತ್ತಿ, ಹಾಳೆಯನ್ನು ನನ್ನ ಕಡೆಗೆ ಎಸೆದು, ‘ಜೊಳ್ಳು ಕಣೋ ಇದು’ ಅಂದಳು.